ಖಾಲಿ ಹೊಟ್ಟೆ ಎಂದರೆ ಎಷ್ಟು ಖಾಲಿ?

ಬಸವನಗುಡಿಯಲ್ಲಿ ಮಧುಮೇಹ ಚಿಕಿತ್ಸಾಲಯವೊಂದಕ್ಕೆ ಹೊಂದಿಕೊಂಡಿರುವ ಔಷಧಿ ಅಂಗಡಿಯಲ್ಲಿ ನಾನು ಫಾರ್ಮಸಿಸ್ಟ್. ವೈದ್ಯರ ಚೀಟಿಯಂತೆ ಮಾತ್ರೆ ಎಣಿಸಿ ಕೊಡುವುದಷ್ಟೇ ಅಲ್ಲದೆ, ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಸಿ ಹೇಳುವುದೂ ನನ್ನ ಹೊಣೆ. ಈ ಎರಡನೆಯ ಕೆಲಸದಲ್ಲಿ ನಾನು ಎರಡು ಸಲ ಎಡವಿದ್ದು ಒಬ್ಬರೇ ರೋಗಿಯ ವಿಷಯದಲ್ಲಿ.

ಅವರು ಬ್ಯಾಂಕಿನಿಂದ ನಿವೃತ್ತರಾದವರು. ತೂಕ 84 ಕಿಲೋ, ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 8.6. ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆಗಳು ಮೊದಲಿನಿಂದಲೂ ಇದ್ದವು. ವೈದ್ಯರು ಅವುಗಳ ಜೊತೆಗೆ ಸೆಮಾಗ್ಲುಟೈಡ್ ಮಾತ್ರೆಯನ್ನು ಸೇರಿಸಿದರು, ಮೊದಲ ತಿಂಗಳು 3 ಮಿಲಿಗ್ರಾಂ, ನಂತರ 7. ನಾನು ಪೊಟ್ಟಣದ ಮೇಲೆ ‘ಬೆಳಿಗ್ಗೆ, ಖಾಲಿ ಹೊಟ್ಟೆಗೆ’ ಎಂದು ಬರೆದುಕೊಟ್ಟೆ. ನಾಲ್ಕು ತಿಂಗಳು ಕಳೆದರೂ ತೂಕ ಇಳಿಯಲಿಲ್ಲ, ಎಚ್‌ಬಿಎ1ಸಿ 8.4ರಲ್ಲೇ ನಿಂತಿತ್ತು. ಪ್ರಮಾಣವನ್ನು 14ಕ್ಕೆ ಏರಿಸಲು ವೈದ್ಯರು ಯೋಚಿಸುತ್ತಿದ್ದರು.

ಈ ಔಷಧಿ ದೇಹದಲ್ಲೇ ಇರುವ ಒಂದು ಹಾರ್ಮೋನಿನ ಅನುಕರಣೆ. ನಾವು ಉಂಡಾಗ ಕರುಳಿನ ಕೆಲವು ಕೋಶಗಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುತ್ತವೆ. ಅದು ಇನ್ಸುಲಿನ್ ಸ್ರವಿಸುವಂತೆ ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸುತ್ತದೆ, ಸಕ್ಕರೆಯನ್ನು ಏರಿಸುವ ಗ್ಲುಕಗಾನನ್ನು ಹತ್ತಿಕ್ಕುತ್ತದೆ, ಜಠರದಿಂದ ಆಹಾರ ಕೆಳಗಿಳಿಯುವ ವೇಗವನ್ನು ತಗ್ಗಿಸುತ್ತದೆ ಮತ್ತು ಮಿದುಳಿಗೆ ‘ಇನ್ನು ಸಾಕು’ ಎಂಬ ಸಂದೇಶ ಮುಟ್ಟಿಸುತ್ತದೆ. ಆದರೆ ಡಿಪಿಪಿ-4 ಎಂಬ ಕಿಣ್ವ ಅದನ್ನು ಎರಡೇ ನಿಮಿಷಗಳಲ್ಲಿ ಅರ್ಧಕ್ಕೆ ಇಳಿಸಿಬಿಡುತ್ತದೆ. ಸೆಮಾಗ್ಲುಟೈಡ್ ಆ ಕಿಣ್ವಕ್ಕೆ ಸುಲಭವಾಗಿ ಸಿಕ್ಕದಂತೆ, ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಉಳಿಯುವಂತೆ ರೂಪಿಸಿದ ಅಣು. ಅದು ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಚುಚ್ಚುಮದ್ದಿನ ರೂಪದಲ್ಲಿ ಅದನ್ನು ವಾರಕ್ಕೊಮ್ಮೆ ಮಾತ್ರ ಕೊಡುವುದು ಇದೇ ಕಾರಣಕ್ಕೆ.

ಮಾತ್ರೆಯ ಕಥೆ ಬೇರೆ. ಇದು ಪೆಪ್ಟೈಡ್ ಆದ್ದರಿಂದ, ಅಂದರೆ ಪ್ರೋಟೀನಿನ ತುಣುಕಿನಂಥದ್ದಾದ್ದರಿಂದ, ಬರಿದೇ ನುಂಗಿದರೆ ಬೇಳೆಯಂತೆ ಜೀರ್ಣವಾಗಿ ಹೋಗುತ್ತದೆ. ಅದಕ್ಕಾಗಿ ಸ್ನ್ಯಾಕ್ ಎಂಬ ಸಹಾಯಕ ವಸ್ತುವನ್ನು ಬೆರೆಸಿ, ಜಠರದ ಗೋಡೆಯ ಮೂಲಕವೇ ರಕ್ತ ಸೇರುವಂತೆ ಮಾಡಿದ್ದಾರೆ. ಅಷ್ಟಾದರೂ ನುಂಗಿದ ಔಷಧಿಯಲ್ಲಿ ರಕ್ತಕ್ಕೆ ಸೇರುವುದು ನೂರಕ್ಕೆ ಒಂದು ಪಾಲೂ ಇಲ್ಲ. ಹೀಗಿರುವಾಗ 120 ಮಿಲಿಲೀಟರ್‌ಗಿಂತ ಹೆಚ್ಚು ನೀರು ಕುಡಿದರೂ, ಅರ್ಧ ಗಂಟೆಯೊಳಗೆ ಬೇರೇನನ್ನಾದರೂ ಹೊಟ್ಟೆಗೆ ಹಾಕಿದರೂ ಆ ಒಂದು ಪಾಲಿಗೂ ಸಂಚಕಾರವೇ.

ಪ್ರಮಾಣ ಏರಿಸುವ ಮುನ್ನ ಅವರನ್ನು ಕೂರಿಸಿ, ಬೆಳಗ್ಗೆ ಎದ್ದದ್ದರಿಂದ ಹಿಡಿದು ಏನೇನು ಮಾಡುತ್ತೀರಿ ಎಂದು ವಿಚಾರಿಸಿದೆ. ಐದು ಗಂಟೆಗೆ ಏಳುತ್ತಾರೆ. ಆರೋಗ್ಯಕ್ಕೆ ಒಳ್ಳೆಯದೆಂದು ಒಂದು ಚೊಂಬು ಬಿಸಿನೀರು ಕುಡಿಯುತ್ತಾರೆ, ಮಾತ್ರೆಯೂ ಅದರೊಡನೆಯೇ. ಹತ್ತು ನಿಮಿಷಕ್ಕೆ ಫಿಲ್ಟರ್ ಕಾಫಿ. ಆಮೇಲೆ ಲಾಲ್‌ಬಾಗ್‌ನಲ್ಲಿ ನಡಿಗೆ. ಕಾಫಿಯ ವಿಷಯ ಎತ್ತಿದಾಗ ಅವರು ಪ್ರಾಮಾಣಿಕವಾಗಿಯೇ ಆಶ್ಚರ್ಯಪಟ್ಟರು: “ಕಾಫಿ ಏನು ತಿಂಡಿಯೇನಮ್ಮಾ? ತಿಂಡಿ ಎಂಟು ಗಂಟೆಗೇ.” ನಮ್ಮ ಮನೆಯಲ್ಲೂ ಏಕಾದಶಿಯ ದಿನ ಕಾಫಿ ಉಪವಾಸವನ್ನು ಮುರಿಯುವುದಿಲ್ಲ. ಇದು ಗೊತ್ತಿದ್ದೂ ಮೂರೇ ಪದಗಳಲ್ಲಿ ಬರೆದು ಕೈತೊಳೆದುಕೊಂಡವಳು ನಾನು. ತಪ್ಪು ಅವರದಲ್ಲ.

ಹೊಸ ಕ್ರಮ ಸರಳವಾಗಿತ್ತು: ಎದ್ದ ಕೂಡಲೇ ಚಿಕ್ಕ ಲೋಟದಲ್ಲಿ ಅಳೆದ ನೀರಿನೊಡನೆ ಮಾತ್ರೆ, ನಂತರ ನಡಿಗೆ, ಹಿಂದಿರುಗಿದ ಮೇಲೆ ಕಾಫಿ. ವೈದ್ಯರು ಪ್ರಮಾಣವನ್ನು 7ರಲ್ಲೇ ಉಳಿಸಿದರು.

ನನ್ನ ಎರಡನೆಯ ತಪ್ಪು ಇಲ್ಲಿದೆ. ಲೆಕ್ಕದಲ್ಲಿ ಅವರು ಮೂರು ತಿಂಗಳಿನಿಂದ 7 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದವರು, ದೇಹದ ಮಟ್ಟಿಗೆ ಮಾತ್ರ ಔಷಧಿ ಅಂದೇ ಶುರುವಾದಂತೆ. ಮತ್ತೆ 3ರಿಂದ ಆರಂಭಿಸುವುದೇ ಎಂದು ನಾನು ವೈದ್ಯರನ್ನು ಕೇಳಬೇಕಿತ್ತು, ಕೇಳಲಿಲ್ಲ. ಎರಡನೆಯ ವಾರಕ್ಕೆ ವಾಕರಿಕೆ ಕಾಣಿಸಿತು, ನಾಲ್ಕು ಇಡ್ಲಿ ತಿನ್ನುತ್ತಿದ್ದವರಿಗೆ ಒಂದೂವರೆಯೇ ಸಾಕಾಯಿತು. ಆದರೆ ತಿಂಡಿಗೆ ಮುನ್ನ ನುಂಗುವ ಗ್ಲಿಮೆಪಿರೈಡ್ ಮಾತ್ರ ಹಳೆಯ ಪ್ರಮಾಣದಲ್ಲೇ ಇತ್ತು. ಒಂದು ದಿನ ಹನ್ನೊಂದು ಗಂಟೆಗೆ ಅವರ ಪತ್ನಿ ಫೋನ್ ಮಾಡಿ, “ಯಜಮಾನರಿಗೆ ಬೆವರು ಕಿತ್ತುಕೊಂಡು ಬರುತ್ತಿದೆ, ಕೈ ನಡುಗುತ್ತಿದೆ” ಎಂದರು. ಗ್ಲುಕೋಮೀಟರ್ 62 ತೋರಿಸುತ್ತಿತ್ತು. ಮೂರು ಚಮಚ ಸಕ್ಕರೆ ಕರಗಿಸಿ ಕುಡಿಸಲು ಹೇಳಿದೆ. ಹದಿನೈದು ನಿಮಿಷಕ್ಕೆ 94ಕ್ಕೆ ಬಂತು.

ಜಿಎಲ್‌ಪಿ-1 ಬಗೆಯ ಔಷಧಿ ಇನ್ಸುಲಿನನ್ನು ಹೆಚ್ಚಿಸುವುದು ರಕ್ತದಲ್ಲಿ ಸಕ್ಕರೆ ಏರಿದಾಗ. ಸಕ್ಕರೆ ಇಳಿದಂತೆ ಆ ಒತ್ತಾಯವೂ ಇಳಿಯುತ್ತದೆ, ಆದ್ದರಿಂದ ಅದೊಂದರಿಂದಲೇ ಸಕ್ಕರೆ ಅಪಾಯಕರವಾಗಿ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್‌ಗೆ ಆ ವಿವೇಚನೆಯಿಲ್ಲ. ಉಂಡರೂ ಉಣ್ಣದಿದ್ದರೂ ಅದು ಇನ್ಸುಲಿನ್ ಹಿಂಡುತ್ತದೆ. ವೈದ್ಯರು ಮೊದಲು ಅದನ್ನು ಅರ್ಧಕ್ಕಿಳಿಸಿ, ನಂತರ ನಿಲ್ಲಿಸಿದರು.

2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್ ಎಂಬ ಇದೇ ಬಳಗದ ಚುಚ್ಚುಮದ್ದು ಭಾರತಕ್ಕೆ ಬಂದಂದಿನಿಂದ, ಸಕ್ಕರೆಯ ತೊಂದರೆಯೇ ಇಲ್ಲದ ಯುವಕರೂ ತೂಕಕ್ಕಾಗಿ ಅಂಗಡಿಗೆ ಬಂದು ಕೇಳುತ್ತಾರೆ. ವಾರಕ್ಕೆ 2.4 ಮಿಲಿಗ್ರಾಂ ಸೆಮಾಗ್ಲುಟೈಡ್ ಚುಚ್ಚುಮದ್ದು ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ 14.9ರಷ್ಟು ಇಳಿದದ್ದು ನಿಜ, ನಿಲ್ಲಿಸಿದ ಒಂದು ವರ್ಷದಲ್ಲಿ ಅದರ ಮೂರನೇ ಎರಡು ಪಾಲು ಮರಳಿ ಬಂದದ್ದೂ ನಿಜ. ಎರಡನ್ನೂ ಒಟ್ಟಿಗೇ ಹೇಳುತ್ತೇನೆ, ಚೀಟಿಯಿಲ್ಲದೆ ಕೊಡುವುದಿಲ್ಲ.

ನಿವೃತ್ತರ ತೂಕ ಆರು ತಿಂಗಳ ನಂತರ 80 ಕಿಲೋ, ಎಚ್‌ಬಿಎ1ಸಿ 7.1. ಪೊಟ್ಟಣದ ಮೇಲೆ ನಾನೀಗ ‘ಕಾಫಿಗೆ ಅರ್ಧ ಗಂಟೆ ಮುಂಚೆ, ಚಿಕ್ಕ ಅರ್ಧ ಲೋಟ ನೀರು’ ಎಂದು ಬರೆಯುತ್ತೇನೆ. ಕಾಫಿಯಿಲ್ಲದೆ ಲಾಲ್‌ಬಾಗ್‌ವರೆಗೆ ನಡೆಯುವುದು ಶಿಕ್ಷೆಯೆಂದು ಅವರು ಇಂದಿಗೂ ದೂರುತ್ತಾರೆ.