ನಾನು ತಿದ್ದಿದ ಒಂದು ಸರ್ವನಾಮ

ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಸುತ್ತಲಿನ ವಿಶ್ವವಿದ್ಯಾಲಯವೊಂದರಲ್ಲಿ, ಡಚ್ ಮೂಲದ ಆಫ್ರಿಕಾನ್ಸ್ ಭಾಷೆಯ ವಿಭಾಗದಲ್ಲಿ, ಎಂ.ಎ. ಪ್ರಬಂಧಗಳನ್ನು ಪರೀಕ್ಷಕರಿಗೆ ಕಳುಹಿಸುವ ಮೊದಲು ಅವುಗಳ ಕಾಗುಣಿತವನ್ನು ನೋಡಿಕೊಡುವುದು ನನ್ನ ಕೆಲಸವಾಗಿತ್ತು. ಸೃಜನಶೀಲ ಬರವಣಿಗೆಯ ವಿದ್ಯಾರ್ಥಿಗಳು ಅಲ್ಲಿ ಕಾದಂಬರಿಯನ್ನೋ ಕಥಾಸಂಕಲನವನ್ನೋ ಬರೆದು, ಅದರ ಜೊತೆಗೆ ತಮ್ಮ ಬರವಣಿಗೆಯನ್ನು ತಾವೇ ಪರಿಶೀಲಿಸುವ ಲೇಖನವನ್ನೂ ಸಲ್ಲಿಸುತ್ತಾರೆ.

ಅವರ ಮಾರ್ಗದರ್ಶಕರು ಸ್ವತಃ ಆಫ್ರಿಕಾನ್ಸ್ ಕಾದಂಬರಿಕಾರರು. ಬೆಳಗಿನ ಜಾವ ತಮ್ಮ ಕಾದಂಬರಿಗೆ ಕೂತು, ಎಂಟು ಗಂಟೆಗೆ ಅದನ್ನು ಮುಚ್ಚಿಟ್ಟು, ಉಳಿದ ದಿನವನ್ನೆಲ್ಲ ಬೇರೆಯವರ ಹಸ್ತಪ್ರತಿಗಳಿಗೆ ಕೊಡುತ್ತಿದ್ದರು. ಆ ಭಾಷೆಯ ಪುಸ್ತಕದ ಮಾರುಕಟ್ಟೆ ಚಿಕ್ಕದಾದ್ದರಿಂದ ಗೌರವಧನವೊಂದರಲ್ಲೇ ಮನೆ ನಡೆಸುವುದು ಕಷ್ಟ. 2017ರಲ್ಲಿ ಸರ್ಕಾರವು ಸೃಜನಶೀಲ ಕೃತಿಗಳ ಮೌಲ್ಯಮಾಪನಕ್ಕೆ ನೀತಿಯೊಂದನ್ನು ಪ್ರಕಟಿಸುವವರೆಗೆ, ಸಂಶೋಧನಾ ಅನುದಾನದ ಲೆಕ್ಕದಲ್ಲಿ ಹತ್ತು ಪುಟದ ಲೇಖನಕ್ಕೆ ಸ್ಥಾನವಿತ್ತೇ ಹೊರತು ವರ್ಷಗಟ್ಟಲೆ ಬರೆದ ಕಾದಂಬರಿಗೆ ಇರಲಿಲ್ಲ. ಅವರು ಇದನ್ನು ನಗುತ್ತಲೇ ಹೇಳುತ್ತಿದ್ದರು, ಆದರೆ ಹಲವು ಬಾರಿ ಹೇಳುತ್ತಿದ್ದರು.

ಒಮ್ಮೆ ಕೇಪ್ ಫ್ಲ್ಯಾಟ್ಸ್ ಬಡಾವಣೆಯ ವಿದ್ಯಾರ್ಥಿನಿಯೊಬ್ಬಳ ಕಥಾಸಂಕಲನ ನನ್ನ ಮೇಜಿಗೆ ಬಂತು. ಅವಳು ಬರೆದದ್ದು ಕಾಪ್ಸ್‌ನಲ್ಲಿ, ಅಂದರೆ ಕೇಪ್‌ನ ದುಡಿಯುವ ಜನರ ಆಫ್ರಿಕಾನ್ಸ್‌ನಲ್ಲಿ. ಶಿಷ್ಟ ಭಾಷೆಯಲ್ಲಿ 'ನೀನು' ಎನ್ನುವುದಕ್ಕೆ 'ಯೆಯ್' ಎಂದರೆ, ಕಾಪ್ಸ್‌ನಲ್ಲಿ ಅದು 'ಜೆಯ್' ಆಗುತ್ತದೆ. 1917ರಿಂದ ಪ್ರಕಟವಾಗುತ್ತ ಬಂದಿರುವ ಅಧಿಕೃತ ಪದಪಟ್ಟಿ ಮತ್ತು ಕಾಗುಣಿತ ನಿಯಮಗಳ ಪುಸ್ತಕ ನನ್ನ ಮಗ್ಗುಲಲ್ಲೇ ಇತ್ತು. ಒಂದೇ ಆದೇಶದಲ್ಲಿ ಇಡೀ ಕಡತದ 'ಜೆಯ್'ಗಳನ್ನೆಲ್ಲ 'ಯೆಯ್' ಮಾಡಿ ಸಂಜೆ ಮನೆಗೆ ಹೋದೆ. ಧಾರವಾಡದ ಮಾತನ್ನು ಬೆಂಗಳೂರಿನವರು ತಿದ್ದಿದರೆ ಸಿಡಿಮಿಡಿಗೊಳ್ಳುವ ನಾನೇ ಹೀಗೆ ಮಾಡಿದ್ದೆ.

ಮರುದಿನ ಮೇಷ್ಟ್ರು ನನ್ನನ್ನು ಕೋಣೆಗೆ ಕರೆದು, ಮೊದಲ ಕಥೆಯ ಎರಡು ಪುಟಗಳನ್ನು ಗಟ್ಟಿಯಾಗಿ ಓದಿದರು. ಪಾಠದಲ್ಲೂ ಅವರ ರೀತಿ ಅದೇ, ಕೆಂಪು ಶಾಯಿಗಿಂತ ಕಿವಿಯನ್ನು ಹೆಚ್ಚು ನಂಬುವವರು. ಮನೆಗೆಲಸದ ಹೆಂಗಸೊಬ್ಬಳು ಮುಂಜಾನೆ ತನ್ನ ಮಗನನ್ನು ಎಬ್ಬಿಸಿ, ಮಿನಿಬಸ್ ಟ್ಯಾಕ್ಸಿ ಹಿಡಿದು, ಯಜಮಾನಿಯ ಮನೆ ತಲುಪಿ, ಆ ಮನೆಯ ಮಕ್ಕಳಿಗೆ ತಿಂಡಿ ಕೊಡುವ ಕಥೆ ಅದು. ಓದು ಮುಗಿಸಿ ಅವರು ಕೇಳಿದರು: "ಇವಳು ಟ್ಯಾಕ್ಸಿ ಇಳಿದದ್ದು ಎಲ್ಲಿ?"

ನನಗೆ ಉತ್ತರ ಹೊಳೆಯಲಿಲ್ಲ. ಮೂಲದಲ್ಲಿ ಅವಳು ತನ್ನ ಮಗನಿಗೆ 'ಜೆಯ್' ಎಂದವಳು, ಯಜಮಾನಿಯ ಮಕ್ಕಳಿಗೆ 'ಯೆಯ್' ಎನ್ನುತ್ತಾಳೆ. ವಿದ್ಯಾರ್ಥಿನಿ ಪ್ರಯಾಣದ ವರ್ಣನೆಯನ್ನೇ ಬರೆಯದೆ, ಆ ಒಂದು ಅಕ್ಷರದಿಂದ ಊರನ್ನು ದಾಟಿಸಿದ್ದಳು. ನನ್ನ ತಿದ್ದುಪಡಿಯ ನಂತರ ಹೆಂಗಸು ಎರಡೂ ಅಡುಗೆಮನೆಗಳಲ್ಲಿ ಒಂದೇ ನಾಲಿಗೆಯಲ್ಲಿ ಮಾತಾಡುತ್ತಿದ್ದಳು.

ಕಾಪ್ಸ್‌ನಲ್ಲಿ ಬರೆದ ಆಡಂ ಸ್ಮಾಲ್ ಅವರಿಗೆ ಆಫ್ರಿಕಾನ್ಸ್ ಸಾಹಿತ್ಯದ ಹರ್ಟ್ಸೋಗ್ ಪ್ರಶಸ್ತಿ ಬಂದದ್ದು 2012ರಲ್ಲಿ, ಅವರಿಗೆ ಎಪ್ಪತ್ತೈದು ದಾಟಿದ ಮೇಲೆ. ಮೇಷ್ಟ್ರು ಅಷ್ಟನ್ನು ಹೇಳಿ ಸುಮ್ಮನಾದರು.

ಉಳಿದ ತಿದ್ದುಪಡಿಗಳು ಅದೇ ಕಡತದಲ್ಲಿ ಬೆರೆತಿದ್ದರಿಂದ, ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೂ ಕೈಯಾರೆ ಹಿಂದಕ್ಕೆ ತರಲು ಮೂರು ದಿನ ಹಿಡಿಯಿತು. ಆಮೇಲೆ ವಿದ್ಯಾರ್ಥಿನಿಯನ್ನೇ ಕೂರಿಸಿಕೊಂಡು, ಅನುಮಾನವಿದ್ದ ಪ್ರತಿಯೊಂದು ಪದವನ್ನೂ ಕೇಳಿದೆ. ಅವುಗಳಲ್ಲಿ ನಾಲ್ಕು ನಿಜಕ್ಕೂ ಬೆರಳು ತಪ್ಪಿದವು. ಅವನ್ನು ತಿದ್ದಿ ಎಂದು ಅವಳೇ ಹೇಳಿದಳು.