ಎಲ್ಲಾರೂ ಗೆದ್ದವರೇ, ಮತ್ತ ಹೆಸರು ಒಬ್ಬನದೇ ಯಾಕ?

ಸಂಭವನೀಯತೆಯ ಪಾಠ ಶುರು ಮಾಡುವ ದಿನ ಕಿಸೆಯಿಂದ ಇಸ್ಪೀಟ್ ಕಟ್ಟು ತೆಗೆಯುವುದು ನನ್ನ ಹಳೇ ರೂಢಿ. ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. 52 ಎಲೆಗಿಂತ ಅಗ್ಗದ ಪ್ರಯೋಗಾಲಯ ನಮ್ಮ ಪಾಲಿಗೆ ಇನ್ನೂ ಬಂದಿಲ್ಲ. ಕಟ್ಟು ಕಂಡದ್ದೇ ತಡ, ಹಿಂದಿನ ಬೆಂಚಿನವರು ನೆಟ್ಟಗೆ ಕೂರುತ್ತಾರೆ. ಅಲ್ಲಿಂದ ಮಾತು ಪೋಕರ್‌ಗೆ ಹೊರಳಲು ಹತ್ತು ನಿಮಿಷ ಸಾಕು. ಆಮೇಲೆ ಒಬ್ಬನಾದರೂ ಎದ್ದು ಕೇಳಿಯೇ ಕೇಳುತ್ತಾನೆ: “ಸರ್, ವರ್ಷಾ ಒಬ್ಬಾಂವ ವರ್ಲ್ಡ್ ಚಾಂಪಿಯನ್ ಆಗ್ತಾನಲ್ರಿ, ಮತ್ತ ಆ ಮನಿಮೇಕರ್ ಒಬ್ಬನ ಹೆಸರೇ ಯಾಕ ಎಲ್ಲಾರ ಬಾಯಾಗ ಅದ?”

ಸ್ಟಾಫ್ ರೂಮಿನಲ್ಲೂ ಇದೇ ಪ್ರಶ್ನೆ, ಬೀದರಿನಿಂದ ಬರುವ ನನ್ನ ಅಳಿಯನದೂ ಇದೇ. ಪ್ರತಿ ಸಲ ಅರ್ಧ ಹೇಳಿ ಬಿಡುತ್ತೇನೆ, ಗಂಟೆ ಹೊಡೆಯುತ್ತದೆ. ಇವತ್ತು ಪೂರಾ ಬರೆದುಬಿಡುತ್ತೇನೆ.

ಮೊದಲೇ ಹೇಳಿಬಿಡಲಿ, ನಾನು ರೊಕ್ಕ ಇಟ್ಟು ಆಡುವವನಲ್ಲ. ನನ್ನದು ಬರೀ ನೋಡುವ ಚಟ. ಹಾಸ್ಟೆಲ್ ಹುಡುಗನೊಬ್ಬ ಅಪ್ಪ ತೊಗರಿ ಮಾರಿ ಕಳಿಸಿದ ಫೀಸನ್ನು ಮೊಬೈಲ್ ರಮ್ಮಿಯಲ್ಲಿ ಒಂದೇ ರಾತ್ರಿಗೆ ಕಳೆದುಕೊಂಡು ನನ್ನ ಮುಂದೆ ಬಂದು ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ರೊಕ್ಕದ ಆನ್‌ಲೈನ್ ಆಟ ನಿಷೇಧಿಸಿ ಕಾಯ್ದೆ ಮಾಡಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಯಾರಿಗೂ ಬೇಜಾರಾಗಲಿಲ್ಲ.

ಈಗ ಪ್ರಶ್ನೆಗೆ ಬರೋಣ. ಇಲ್ಲಿ ಹೇಳುತ್ತಿರುವ ಟೂರ್ನಿ ಎಂದರೆ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್, ಅದರಲ್ಲೂ 10,000 ಡಾಲರ್ ಕಟ್ಟಿ ಕೂರುವ ಮೇನ್ ಈವೆಂಟ್. 2023ರಲ್ಲಿ ಅದಕ್ಕೆ ಕೂತವರು 10,043 ಮಂದಿ. ಗೆದ್ದ ಡೇನಿಯಲ್ ವೈನ್‌ಮನ್‌ಗೆ ಸಿಕ್ಕಿದ್ದು 1 ಕೋಟಿ 21 ಲಕ್ಷ ಡಾಲರ್, ಅಲ್ಲಿಯವರೆಗೆ ಯಾವ ಮೇನ್ ಈವೆಂಟ್ ಚಾಂಪಿಯನ್ನನಿಗೂ ಸಿಗದಷ್ಟು. ಕ್ಲಾಸಿನಲ್ಲಿ ಈ ಹೆಸರು ಹೇಳಿದರೆ ಫ್ಯಾನಿನ ಸದ್ದು ಕೇಳುವಷ್ಟು ಮೌನ. ರೊಕ್ಕದ ಗಾತ್ರಕ್ಕೂ ಹೆಸರಿಗೂ ಸಂಬಂಧವಿಲ್ಲ ಅನ್ನುವುದು ಅಲ್ಲಿಗೇ ಗೊತ್ತಾಗುತ್ತದೆ.

ಹಾಗಾದರೆ ಆಟದ ಕೌಶಲವೇ? ಅದೂ ಅಲ್ಲ, ಲೆಕ್ಕ ಹಾಕಿ ನೋಡ್ರಿ. ಹತ್ತು ಸಾವಿರ ಜನರಲ್ಲಿ ಒಬ್ಬ ಆಟಗಾರ ಗೆಲ್ಲುವ ಸಾಧ್ಯತೆ ಉಳಿದವರಿಗಿಂತ ಹತ್ತು ಪಟ್ಟು ಅಂತಲೇ ಹಿಡಿಯೋಣ. ಆದರೂ ಅವನು ಗೆಲ್ಲುವ ಸಂಭವ ಸಾವಿರಕ್ಕೊಂದು. ಟೂರ್ನಿ ವರ್ಷಕ್ಕೊಂದೇ ಸಲ. ಅಂದರೆ ಸರಾಸರಿಯಲ್ಲಿ ಒಂದು ಸಲ ಗೆಲ್ಲಬೇಕಾದರೆ ಅವನು ಸಾವಿರ ವರ್ಷ ಬದುಕಬೇಕು. ಫಿಲ್ ಐವಿ ಈ ಸರಣಿಯ ಬೇರೆ ಬೇರೆ ಪಂದ್ಯಗಳಲ್ಲಿ 11 ಬ್ರೇಸ್‌ಲೆಟ್ (ಪಂದ್ಯ ಗೆದ್ದವನಿಗೆ ಕೊಡುವ ಕಡಗ) ಗೆದ್ದವನು, ಮೇನ್ ಈವೆಂಟ್ ಮಾತ್ರ ದಕ್ಕಲಿಲ್ಲ, 2009ರಲ್ಲಿ ಏಳನೆಯವನಾದ. ಆದರೂ ಪೋಕರ್ ಬಲ್ಲವರ ನಡುವೆ ಅವನ ಹೆಸರಿಗಿರುವ ತೂಕ ಎಷ್ಟೋ ಚಾಂಪಿಯನ್ನರಿಗೆ ಇಲ್ಲ.

ಈಗ ಮನಿಮೇಕರ್. ಹೆಸರು ಕೇಳಿದರೆ ಯಾರೋ ಜಾಹೀರಾತಿನವರು ಇಟ್ಟದ್ದು ಅನ್ನಿಸುತ್ತದೆ, ಆದರೆ ಅದು ಕ್ರಿಸ್ ಮನಿಮೇಕರ್‌ನ ಖರೇ ಮನೆತನದ ಹೆಸರು. ಟೆನೆಸೀ ರಾಜ್ಯದ 27 ವರ್ಷದ ಲೆಕ್ಕಿಗ. ಪೋಕರ್‌ಸ್ಟಾರ್ಸ್ ಅನ್ನುವ ಇಂಟರ್ನೆಟ್ ತಾಣದಲ್ಲಿ 86 ಡಾಲರ್ ಕಟ್ಟಿ ಒಂದು ಸಣ್ಣ ಅರ್ಹತಾ ಆಟ ಆಡಿದ. ಅಲ್ಲಿಂದ ಮೆಟ್ಟಿಲು ಹತ್ತುತ್ತಾ 10,000 ಡಾಲರಿನ ಕುರ್ಚಿಗೆ ಬಂದ, ಉಳಿದ 838 ಜನರನ್ನು ದಾಟಿ 25 ಲಕ್ಷ ಡಾಲರ್ ಎತ್ತಿಕೊಂಡ. ಅದು 2003.

“ಸಾಮಾನ್ಯ ಮನುಷ್ಯ ಗೆದ್ದ, ಅದಕ್ಕೇ ಹೆಸರಾತು” ಅಂತ ಹುಡುಗರು ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ನಾನು ಇಲ್ಲೇ ತಡೆಯುತ್ತೇನೆ. 1979ರಲ್ಲಿ ಗೆದ್ದ ಹಾಲ್ ಫೌಲರ್ ಕೂಡ ಹವ್ಯಾಸಿಯೇ, ಈ ಪಟ್ಟ ಗೆದ್ದ ಮೊದಲ ಹವ್ಯಾಸಿ. ಯಾರಿಗೆ ಗೊತ್ತು? ಅಷ್ಟು ಹಿಂದೆಯೂ ಹೋಗಬೇಡಿ. ಮನಿಮೇಕರ್‌ಗಿಂತ ಒಂದೇ ವರ್ಷ ಮುಂಚೆ, 2002ರಲ್ಲಿ ಗೆದ್ದ ರಾಬರ್ಟ್ ವರ್ಕೋನಿ ಕೂಡ ವೃತ್ತಿಪರನಲ್ಲ, ಎಂಐಟಿಯಲ್ಲಿ ಓದಿ ಬ್ಯಾಂಕಿಂಗ್‌ನಲ್ಲಿ ದುಡಿದವನು. ಬಹುಮಾನವೂ 20 ಲಕ್ಷ ಡಾಲರ್, ಏನೂ ಕಮ್ಮಿಯಲ್ಲ. ಆದರೆ ಆ ವರ್ಷದಿಂದ ಜನ ನೆನಪಿಟ್ಟುಕೊಂಡದ್ದು ಹೆಸರಾಂತ ಆಟಗಾರ ಫಿಲ್ ಹೆಲ್ಮುತ್‌ನ ಬೋಳು ತಲೆಯನ್ನು! ವರ್ಕೋನಿ ಗೆದ್ದರೆ ತಲೆ ಬೋಳಿಸಿಕೊಳ್ಳುತ್ತೇನೆ ಅಂತ ಹೆಲ್ಮುತ್ ಬಡಾಯಿ ಕೊಚ್ಚಿದ್ದ. ಅವನು ಗೆದ್ದೇಬಿಟ್ಟ, ಇವನ ತಲೆಗೆ ಅಲ್ಲೇ ಮಷಿನ್ ಆಡಿಸಿದರು. ಪಾಪ ವರ್ಕೋನಿ, ಸ್ವಂತ ಗೆಲುವಿನ ಕಥೆಯಲ್ಲೇ ಪೋಷಕ ಪಾತ್ರ.

ಒಂದು ವರ್ಷದ ಅಂತರದಲ್ಲಿ ಬದಲಾದದ್ದೇನು? ಕ್ಯಾಮೆರಾ. ಬೋರಲು ಮಲಗಿಸಿದ ಎಲೆಗಳನ್ನು ಆಟಗಾರ ತುಸು ಎತ್ತಿ ನೋಡುವಾಗ ಅದನ್ನೇ ಹಿಡಿದು ಪ್ರೇಕ್ಷಕರಿಗೆ ತೋರಿಸುವ ಪುಟ್ಟ ಕ್ಯಾಮೆರಾ. ಇಂಗ್ಲೆಂಡಿನ ಟಿವಿಯಲ್ಲಿ 1999ರಲ್ಲೇ ಅದು ಬಂದಿತ್ತು. ಆದರೆ ಇಎಸ್‌ಪಿಎನ್ ಈ ಟೂರ್ನಿಯಲ್ಲಿ ಅದನ್ನು ಕೈಬಿಚ್ಚಿ ಬಳಸಿ, ಕಂತು ಕಂತಾಗಿ ತೋರಿಸಿ, ಮತ್ತೆ ಮತ್ತೆ ಮರುಪ್ರಸಾರ ಮಾಡಿದ್ದು 2003ರದ್ದನ್ನು. ಅದಕ್ಕೂ ಮುಂಚೆ ಪೋಕರ್ ನೋಡುವುದೆಂದರೆ ಹತ್ತು ಜನ ಸುಮ್ಮನೆ ಕೂತಿರುವುದನ್ನು ನೋಡುವುದು, ನಮ್ಮ ಆಫೀಸುಗಳ ಮೀಟಿಂಗ್ ಇದ್ದ ಹಾಗೆ.

ಎಲೆ ಕಂಡರೆ ಏನಾಗುತ್ತದೆ ಎನ್ನುವುದಕ್ಕೆ ಒಂದೇ ಒಂದು ಕೈ ಹೇಳುತ್ತೇನೆ. ಕೊನೆಗೆ ಉಳಿದವರು ಇಬ್ಬರು, ಮನಿಮೇಕರ್ ಮತ್ತು ಸ್ಯಾಮ್ ಫರ್ಹಾ. ಫರ್ಹಾ ಬಾಯಲ್ಲಿ ಹಚ್ಚದ ಸಿಗರೇಟು, ಮೈಮೇಲೆ ಒಳ್ಳೇ ಸೂಟು, ಪಳಗಿದ ಕೈ. ಮನಿಮೇಕರ್ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಕಲ್ಲಿನಂತೆ ಕೂತಿದ್ದಾನೆ. ಅವನ ಕೈಯಲ್ಲಿ ಇಸ್ಪೀಟ್ (ಸ್ಪೇಡ್) ಜಾತಿಯ ರಾಜ ಮತ್ತು ಬೇರೆ ಜಾತಿಯ ಒಂದು ಏಳು. ಮೇಜಿನ ಮೇಲೆ, ಇಬ್ಬರೂ ತಮ್ಮ ಎಲೆಯ ಜೊತೆ ಸೇರಿಸಿಕೊಳ್ಳಬಹುದಾದ ಐದರಲ್ಲಿ ಮೊದಲ ಮೂರು ಎಲೆ: ಒಂಬತ್ತು, ಎರಡು, ಆರು. ನಾಲ್ಕನೆಯದು ಎಂಟು. ಒಂಬತ್ತು, ಆರು, ಎಂಟು ಮೂರೂ ಇಸ್ಪೀಟು. ಇನ್ನೊಂದು ಇಸ್ಪೀಟ್ ಬಂದರೆ ಒಂದೇ ಜಾತಿಯ ಐದು. ಐದೋ ಹತ್ತೋ ಬಂದರೆ ಸಾಲಾಗಿ ಐದು. ಕೊನೆಯ ಎಲೆ ತಿರುಗಿತು. ಮೂರು, ಅದೂ ಇಸ್ಪೀಟಲ್ಲ. ಮನಿಮೇಕರ್ ಕೈಯಲ್ಲಿ ಒಂದು ಜೋಡಿಯೂ ಇಲ್ಲ. ಫರ್ಹಾ ಹತ್ತಿರ ಒಂಬತ್ತರ ಜೋಡಿ ಇದೆ.

ಮನಿಮೇಕರ್ ತನ್ನ ಮುಂದಿನ ಬಿಲ್ಲೆಗಳನ್ನೆಲ್ಲ ಆಟಕ್ಕೆ ಒಡ್ಡಿದ.

ಇಬ್ಬರ ಎಲೆಯೂ ಮನೆಯಲ್ಲಿ ಕೂತವನಿಗೆ ಕಾಣುತ್ತಿದೆ, ಮನಿಮೇಕರ್ ಕೈ ಖಾಲಿ ಅಂತ ಗೊತ್ತಿಲ್ಲದವನು ಫರ್ಹಾ ಒಬ್ಬನೇ. ಅವನು ಯೋಚಿಸುತ್ತಾನೆ, ಕೆಣಕಿ ಮಾತಾಡಿಸುತ್ತಾನೆ, ಎದುರಿನವನ ಕೊರಳ ನರ ಅಲುಗುತ್ತದೋ ಅಂತ ನೋಡುತ್ತಾನೆ. ನೋಡುವ ನಮ್ಮ ಎದೆ ಡವಡವ. ಕಡೆಗೆ ಫರ್ಹಾ ಎಲೆ ಎಸೆದುಬಿಟ್ಟ, ನಮ್ಮ ತೀನ್ ಪತ್ತಿಯ ಮಾತಿನಲ್ಲಿ ಪ್ಯಾಕ್ ಆದ. ಕ್ಯಾಮೆರಾ ಇಲ್ಲದಿದ್ದರೆ ಈ ಘಟನೆಯೇ ಇಲ್ಲ. “ಒಬ್ಬ ರೊಕ್ಕ ಇಟ್ಟ, ಇನ್ನೊಬ್ಬ ಬಿಟ್ಟ” ಅಷ್ಟೇ ಸುದ್ದಿ. ಕ್ಯಾಮೆರಾ ಇದ್ದದ್ದಕ್ಕೆ ಅದು ಮರುದಿನ ಆಫೀಸಿನಲ್ಲಿ ಹೇಳಿಕೊಳ್ಳಬಹುದಾದ ಕಥೆಯಾಯಿತು. ಇಂಟರ್ನೆಟ್ ಆಟದ ಕಂಪನಿಗಳು ಆಗತಾನೇ ಕಣ್ಣು ಬಿಡುತ್ತಿದ್ದವು, ಅವಕ್ಕೆ ಬೇಕಾದ ಕಥೆಯೂ ಥೇಟ್ ಇದೇ: ನಿಮ್ಮಂಥವನೇ ಒಬ್ಬ ಮನೆಯಲ್ಲಿ ಕೂತು 86 ಡಾಲರ್ ಕಟ್ಟಿದ. ಪರಿಣಾಮ ಅಂಕಿಯಲ್ಲೇ ಇದೆ. ಮೇನ್ ಈವೆಂಟ್‌ಗೆ ಕೂತವರು 2004ರಲ್ಲಿ 2,576 ಜನ, 2005ರಲ್ಲಿ 5,619, 2006ರಲ್ಲಿ 8,773. ಸೋತ 838 ಜನರ ಮುಖ ಆ ಜಾಹೀರಾತಿನಲ್ಲಿ ಇರಲಿಲ್ಲ. ಕೆಟ್ಟ ಸ್ಯಾಂಪ್ಲಿಂಗ್‌ಗೆ ಇದಕ್ಕಿಂತ ಒಳ್ಳೇ ಉದಾಹರಣೆ ನನ್ನ ಪಠ್ಯಪುಸ್ತಕದಲ್ಲೂ ಇಲ್ಲ, ಹಾಗಾಗಿ ಇದನ್ನೇ ಪಾಠ ಮಾಡುತ್ತೇನೆ.

ಆ 2006ರಲ್ಲಿ ಗೆದ್ದ ಜೇಮಿ ಗೋಲ್ಡ್‌ಗೆ 1 ಕೋಟಿ 20 ಲಕ್ಷ ಡಾಲರ್ ಬಂತು. ಬೆನ್ನಿಗೇ ಪಾಲಿನ ಜಗಳ ಕೋರ್ಟಿಗೆ ಹೋಯಿತು. ಅದೇ ಅಕ್ಟೋಬರಿನಲ್ಲಿ ಅಮೆರಿಕ ಆನ್‌ಲೈನ್ ಜೂಜಿನ ರೊಕ್ಕದ ವಹಿವಾಟಿಗೆ ಬೇಲಿ ಹಾಕಿತು. ಮಾರನೇ ವರ್ಷ ಆಟಗಾರರ ಸಂಖ್ಯೆ 6,358ಕ್ಕೆ ಇಳಿಯಿತು. ಹಂಗಾಮು ಮುಗಿದ ಮೇಲೆ ಬಂದ ಮಳೆ ಅವನದು.

ಕ್ಯಾಮೆರಾ ಇಲ್ಲದ ಕಾಲದಲ್ಲಿ ಹೆಸರು ಮಾಡಿದವರೂ ಇದ್ದಾರೆ, ಅವರಿಗೆ ಬಾಯಿ ಇತ್ತು. 1972ರಲ್ಲಿ ಕೂತವರೇ ಎಂಟು ಜನ. ಕೊನೆಗೆ ಉಳಿದವರಲ್ಲಿ ಕೆಲವರಿಗೆ ಗೆಲ್ಲುವುದಕ್ಕಿಂತ ಹೆಚ್ಚಾಗಿ ಹೆಸರು ಹೊರಗೆ ಬರಬಾರದು ಅನ್ನುವ ಚಿಂತೆ. ಊರಿನಲ್ಲಿ ಜೂಜುಕೋರ ಅನ್ನಿಸಿಕೊಳ್ಳುವುದು ಯಾರಿಗೆ ಬೇಕು? ಡಾಯ್ಲ್ ಬ್ರನ್ಸನ್ ಮೈಗೆ ಹುಷಾರಿಲ್ಲ ಅಂತ ಎದ್ದುಹೋದ. ಪಟ್ಟ ಬಂದದ್ದು ಅಮರಿಲೋ ಸ್ಲಿಮ್‌ಗೆ. ಬಡಕಲು ಮೈ, ದೊಡ್ಡ ಕೌಬಾಯ್ ಟೋಪಿ, ಮಾತಿಗೆ ನಿಂತರೆ ನಿಲ್ಲಿಸಲಾಗದ ಮನುಷ್ಯ. ಟಿವಿಯ ಟುನೈಟ್ ಶೋಗೆ ಹೋಗಿ ಕೂತು ಅಮೆರಿಕವನ್ನೆಲ್ಲ ನಗಿಸಿದ. ನಾಚಿದ ಬ್ರನ್ಸನ್‌ಗೂ ಆಮೇಲೆ ಹೆಸರು ಬಂತು. 1976, 1977 ಎರಡೂ ವರ್ಷ ಗೆದ್ದ, ಎರಡೂ ಸಲ ಕೊನೆಯ ಕೈಯಲ್ಲಿ ಅವನಿಗೆ ಬಂದದ್ದು ಹತ್ತು ಮತ್ತು ಎರಡು. ಇವತ್ತಿಗೂ ಆ ಜೋಡಿಗೆ ಅವನದೇ ಹೆಸರು. ಎಲೆಗೇ ಹೆಸರು ಅಂಟಿದರೆ ಇನ್ನು ಅಳಿಸುವವರು ಯಾರು?

ಸ್ಟೂ ಉಂಗರ್‌ನ ಮಾತೇ ಬೇರೆ. ರಮ್ಮಿಯ ಒಂದು ಬಗೆಯಲ್ಲಿ ಅವನೆದುರು ಕೂರಲು ಜನ ಸಿಗದಾದಾಗ ಪೋಕರ್‌ಗೆ ಬಂದವನು. 1980, 1981ರಲ್ಲಿ ಗೆದ್ದ. ಹದಿನಾರು ವರ್ಷ ಮಾದಕ ವಸ್ತುವಿನಲ್ಲಿ ಕರಗಿ, 1997ರಲ್ಲಿ ಬೇರೆಯವರು ಕಟ್ಟಿದ ರೊಕ್ಕದಲ್ಲಿ ಕೂತು ಮೂರನೇ ಸಲ ಗೆದ್ದ. ಮಾರನೇ ವರ್ಷ ಲಾಸ್ ವೇಗಸ್‌ನ ಒಂದು ಅಗ್ಗದ ಮೋಟೆಲ್‌ನಲ್ಲಿ ಹೆಣವಾಗಿ ಸಿಕ್ಕ. ವಯಸ್ಸು 45. ಇವನ ಬಗ್ಗೆ ಹೇಳುವಾಗ ಮಾತ್ರ ಕ್ಲಾಸಿನಲ್ಲಿ ಯಾರೂ ಮೊಬೈಲ್ ನೋಡುವುದಿಲ್ಲ.

ಸೋತು ಹೆಸರಾದವನೂ ಒಬ್ಬ ಇದ್ದಾನೆ. 1988ರಲ್ಲಿ ಜಾನಿ ಚಾನ್ ಎದುರು ಎರಿಕ್ ಸೈಡೆಲ್ ಸೋತ ಆ ಕೊನೆಯ ಕೈ ಹತ್ತು ವರ್ಷದ ಮೇಲೆ ಒಂದು ಹಾಲಿವುಡ್ ಸಿನಿಮಾದಲ್ಲಿ ಬಂತು. ಸೈಡೆಲ್ ಆಮೇಲೆ ಒಟ್ಟು 10 ಬ್ರೇಸ್‌ಲೆಟ್ ಗೆದ್ದಿದ್ದಾನೆ. ಜನಕ್ಕೆ ನೆನಪಿರುವುದು ಆ ಸೋಲೇ.

ಇದೆಲ್ಲ ಅಮೆರಿಕದ ಮಾತಾಯಿತು ಅನ್ನುವವರಿಗೆ ನಮ್ಮ ಸೋದರಮಾವನ ಮಾತು ಹೇಳುತ್ತೇನೆ. ಆಳಂದ ಕಡೆಯ ಅವರ ಊರಲ್ಲಿ ಜಾತ್ರೆಗೆ ಕುಸ್ತಿ. ತೆಂಗಿನಕಾಯಿ ಕುಸ್ತಿಯಿಂದ ಶುರು, ಕಡೆಗೆ ಬೆಳ್ಳಿ ಕಡಗದ ಕುಸ್ತಿ. ಐವತ್ತು ವರ್ಷದಲ್ಲಿ ಐವತ್ತು ಪೈಲ್ವಾನರು ಕಡಗ ತೊಟ್ಟು ಹೋಗಿದ್ದಾರೆ. ಮಾವನ ಬಾಯಲ್ಲಿ ಬರುವವನು ಮಾತ್ರ ಒಬ್ಬನೇ: ಗಂಜಿನಿಂದ ಲಾರಿ ಜೊತೆ ಚೀಲ ಇಳಿಸಲು ಬಂದು, ಯಾರದೋ ಲಂಗೋಟಿ ಕಡ ಪಡೆದು ಕಣಕ್ಕಿಳಿದ ಹಮಾಲ. ಪ್ರತಿ ವರ್ಷ ಆ ಹಮಾಲ ಒಂದು ಗೇಣು ಎತ್ತರ ಆಗುತ್ತಾನೆ, ಎದುರಾಳಿ ಹತ್ತು ಕಿಲೋ ದಪ್ಪ ಆಗುತ್ತಾನೆ.

ಹೋದ ಜಾತ್ರೆಗೆ ನಾನು ಹೋಗಲಾಗಲಿಲ್ಲ. ಫೋನ್ ಮಾಡಿ ಕೇಳಿದೆ, “ಮಾವಾ, ಈ ಸಲ ಕಡಗ ಯಾರಿಗ್ ಹೋತು?”

“ಯಾರೋ ಸೊಲ್ಲಾಪುರ ಕಡಿಯಾಂವ ಗೆದ್ದ ನೋಡಪ್ಪ. ಛಲೋ ಆಡಿದ್ನಂತ.”

“ಆಡಿದ್ನಂತ ಅಂದ್ರ? ನೀವು ಹೋಗಿದ್ದಿಲ್ಲೇನು?”

“ಮುಂದೇ ಕುಂತಿದ್ದೆ. ಕಡೀ ಕುಸ್ತಿಗಿ ಕತ್ತಲಾತು, ಕರೆಂಟ್ ಹೋತು. ಲೈಟ್ ಬರೂದ್ರೊಳಗ ಒಬ್ಬಾಂವ ಮ್ಯಾಲಿದ್ದ, ಒಬ್ಬಾಂವ ಕೆಳಗಿದ್ದ.”