ಫಂಡಿನ ಹೆಸರು ಬಿಡಿ, ಜರಡಿಯ ಕಣ್ಣು ನೋಡಿ

ಆಸ್ಟ್ರೇಲಿಯಾದಲ್ಲಿ ವ್ಯಾನ್‌ಗಾರ್ಡ್ ಸಂಸ್ಥೆ ಒಂದು ಬಾಂಡ್ (ಸಾಲಪತ್ರ) ಫಂಡ್ ಮಾರುತ್ತಿತ್ತು. ನೈತಿಕ ಹೂಡಿಕೆ ಎಂಬ ಮಾತು ಅದರ ಹೆಸರಲ್ಲೇ ಇತ್ತು. ಪಳೆಯುಳಿಕೆ ಇಂಧನ, ಮದ್ಯ, ತಂಬಾಕಿನಂಥ ಉದ್ಯಮಗಳನ್ನು ಸೋಸಿ ತೆಗೆದಿದ್ದೇವೆ ಎಂದು ಹೂಡಿಕೆದಾರರಿಗೆ ಹೇಳಲಾಗಿತ್ತು. ಅಲ್ಲಿನ ನಿಯಂತ್ರಣ ಸಂಸ್ಥೆ ಕೋರ್ಟಿಗೆ ಹೋದ ಮೇಲೆ ನಿಜ ಹೊರಬಿತ್ತು. ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಫಂಡಿನ ಸುಮಾರು ಶೇ 74ರಷ್ಟು ಬಾಂಡ್‌ಗಳನ್ನು ಆ ಮಾನದಂಡಗಳ ಎದುರು ಯಾರೂ ಪರಿಶೀಲಿಸಿಯೇ ಇರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಫೆಡರಲ್ ಕೋರ್ಟ್ 1.29 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು.

ಅದಕ್ಕೆ ಒಂದು ತಿಂಗಳ ಹಿಂದೆ ಅದೇ ದೇಶದ ಮರ್ಸರ್ ಎಂಬ ನಿವೃತ್ತಿ ನಿಧಿಗೆ 1.13 ಕೋಟಿ ಡಾಲರ್ ದಂಡ ಬಿದ್ದಿತ್ತು. ‘ಸಸ್ಟೇನಬಲ್ ಪ್ಲಸ್’ ಆಯ್ಕೆಗಳಲ್ಲಿ ಹೆಚ್ಚು ಕಾರ್ಬನ್ ಉಗುಳುವ ಇಂಧನ, ಮದ್ಯ, ಜೂಜು ಇವುಗಳಿಗೆ ಜಾಗವಿಲ್ಲ ಎಂದು ಅದು ಸಾರಿತ್ತು. ಒಳಗೆ ನೋಡಿದರೆ ಇಂಧನದ 15, ಮದ್ಯದ 15, ಜೂಜಿನ 19 ಕಂಪನಿಗಳ ಷೇರುಗಳಿದ್ದವು.

ಈ ಎರಡರಲ್ಲಿ ಹೆಚ್ಚು ಕಲಿಯಬೇಕಾದದ್ದು ಮೊದಲನೆಯದರಿಂದ. ಷೇರು ಫಂಡ್‌ನಲ್ಲಿ ಇರುವುದು ಲಿಸ್ಟ್ ಆದ ಕಂಪನಿಗಳು. ಅವುಗಳ ಬಗ್ಗೆ ಅಧ್ಯಯನ ಮಾಡುವವರು ಹಲವರಿದ್ದಾರೆ. ಬಾಂಡ್ ಹೊರಡಿಸುವವರಲ್ಲಿ ಸರ್ಕಾರಗಳು, ಖಾಸಗಿ ಕಂಪನಿಗಳು, ಸಾಲಕ್ಕಾಗಿಯೇ ಕಟ್ಟಿದ ಅಂಗಸಂಸ್ಥೆಗಳು ಎಲ್ಲ ಸೇರುತ್ತವೆ. ಮಾಹಿತಿ ಸಿಗದವರನ್ನು ಜರಡಿ ತಡೆಯುವುದಿಲ್ಲ, ಹಾಗೇ ಬಿಡುತ್ತದೆ. ಆದ್ದರಿಂದ ಯಾವ ಫಂಡ್ ಆದರೂ ಮೊದಲ ಪ್ರಶ್ನೆ ‘ಏನನ್ನು ಹೊರಗಿಡುತ್ತೀರಿ’ ಎಂಬುದಲ್ಲ. ‘ಪರಿಶೀಲನೆಯೇ ಆಗದ ಪಾಲು ಎಷ್ಟು, ಅದನ್ನು ಒಳಗಿಡುತ್ತೀರೋ ಹೊರಗಿಡುತ್ತೀರೋ’ ಎಂಬುದು.

ಎರಡನೆಯ ಪ್ರಶ್ನೆ ಜರಡಿಯ ಕಣ್ಣು ಎಷ್ಟು ದೊಡ್ಡದು ಎಂಬುದು. ‘ಕಲ್ಲಿದ್ದಲು ಇಲ್ಲ’ ಎಂಬ ವಾಕ್ಯಕ್ಕೆ ಸಂಖ್ಯೆ ಇಲ್ಲದೆ ಅರ್ಥವಿಲ್ಲ. ಇದನ್ನು ನಾರ್ವೆಯ ಸರ್ಕಾರಿ ಪಿಂಚಣಿ ನಿಧಿಯಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟವರು ಕಡಿಮೆ. ತೈಲ ಮತ್ತು ಅನಿಲದ ಹಣದಿಂದ ಬೆಳೆದ ಈ ನಿಧಿಯ ಬಳಿ ಜಗತ್ತಿನ ಲಿಸ್ಟೆಡ್ ಷೇರುಗಳ ಸುಮಾರು ಶೇ 1.5ರಷ್ಟು ಪಾಲಿದೆ. 2004ರಲ್ಲಿ ಅದಕ್ಕೆ ನೈತಿಕ ನಿಯಮಾವಳಿ ಬಂತು. 2016ರಲ್ಲಿ ಕಲ್ಲಿದ್ದಲಿನ ನಿಯಮ ಸೇರಿತು: ಆದಾಯದ ಅಥವಾ ಚಟುವಟಿಕೆಯ ಶೇ 30 ಅಥವಾ ಹೆಚ್ಚು ಉಷ್ಣ ಕಲ್ಲಿದ್ದಲಿನಿಂದ (ವಿದ್ಯುತ್ತಿಗಾಗಿ ಸುಡುವ ಕಲ್ಲಿದ್ದಲು) ಬಂದರೆ ಆ ಕಂಪನಿಯನ್ನು ಹೊರಗಿಡಬಹುದು.

ಕೇಳಲು ಗಟ್ಟಿಯಾಗಿದೆ. ಆದರೆ ತಾಮ್ರ, ಸತು, ಕಬ್ಬಿಣದ ಅದಿರು ಎಲ್ಲವನ್ನೂ ಅಗೆಯುವ ದೈತ್ಯ ಗಣಿ ಕಂಪನಿಯನ್ನು ಯೋಚಿಸಿ. ಕಲ್ಲಿದ್ದಲು ಅದರ ಆದಾಯದ ಶೇ 12 ಇದ್ದರೂ ಟನ್ ಲೆಕ್ಕದಲ್ಲಿ ಅದು ಒಂದು ಸಣ್ಣ ಕಲ್ಲಿದ್ದಲು ಕಂಪನಿಯ ಹತ್ತು ಪಟ್ಟು ಇರಬಹುದು. ಸಣ್ಣದು ಸಿಕ್ಕಿಬೀಳುತ್ತದೆ, ದೊಡ್ಡದು ಕಣ್ಣಿನಿಂದ ನುಸುಳುತ್ತದೆ. ಅದಕ್ಕೇ 2019ರಲ್ಲಿ ನೇರ ಪ್ರಮಾಣದ ಮಿತಿಯನ್ನೂ ಸೇರಿಸಿದರು: ವರ್ಷಕ್ಕೆ 2 ಕೋಟಿ ಟನ್‌ಗಿಂತ ಹೆಚ್ಚು ಉಷ್ಣ ಕಲ್ಲಿದ್ದಲು ತೆಗೆಯುವವರು, ಅಥವಾ 10,000 ಮೆಗಾವಾಟ್‌ಗಿಂತ ಹೆಚ್ಚು ಕಲ್ಲಿದ್ದಲು ವಿದ್ಯುತ್ ಸಾಮರ್ಥ್ಯ ಇರುವವರು. 2020ರ ಮೇನಲ್ಲಿ ಗಣಿ ಕಂಪನಿಗಳಾದ ಗ್ಲೆನ್‌ಕೋರ್, ಆಂಗ್ಲೋ ಅಮೆರಿಕನ್, ಜರ್ಮನಿಯ ವಿದ್ಯುತ್ ಕಂಪನಿ ಆರ್‌ಡಬ್ಲ್ಯೂಇ ಹೊರಬಿದ್ದದ್ದು ಈ ಎರಡನೆಯ ಮಿತಿ ಬಂದ ಮೇಲೆಯೇ. ಶೇಕಡಾವಾರು ಮಿತಿ ಒಂದನ್ನೇ ತೋರಿಸುವ ಫಂಡ್ ಕಂಡಾಗ ಈ ಉದಾಹರಣೆ ನೆನಪಿರಲಿ.

ನಾರ್ವೆಯ ನಿಧಿ ಕಂಪನಿಗಳ ನಡವಳಿಕೆಯನ್ನೂ ನೋಡುತ್ತಿತ್ತು: ಮಾನವ ಹಕ್ಕು ಉಲ್ಲಂಘನೆ, ತೀವ್ರ ಪರಿಸರ ಹಾನಿ, ಭ್ರಷ್ಟಾಚಾರ. ನೈತಿಕ ಮಂಡಳಿ ಶಿಫಾರಸು ಮಾಡುತ್ತಿತ್ತು, ತೀರ್ಮಾನ ಕೇಂದ್ರ ಬ್ಯಾಂಕಿನದಾಗಿತ್ತು. ನಮ್ಮ ಮೈಸೂರು ರಸ್ತೆಯಲ್ಲಿ ಘಟಕವಿರುವ ಬಿಎಚ್‌ಇಎಲ್ 2017ರಲ್ಲಿ ಈ ಪಟ್ಟಿಗೆ ಸೇರಿತು. ಬಾಂಗ್ಲಾದೇಶದ ಸುಂದರಬನದ ಹತ್ತಿರ ರಾಂಪಾಲ್ ಕಲ್ಲಿದ್ದಲು ಸ್ಥಾವರ ಕಟ್ಟುವ ಗುತ್ತಿಗೆ ಅದಕ್ಕೆ ಕಾರಣ. ಶಿಫಾರಸಿನ ಪೂರ್ಣ ಪಠ್ಯ, ಸಾಕ್ಷ್ಯ, ವಾದ ಎಲ್ಲವೂ ಸಾರ್ವಜನಿಕ. ನಿಧಿ ಮೊದಲು ಷೇರು ಮಾರಿ ಮುಗಿಸಿ ಆಮೇಲೆ ಘೋಷಿಸುತ್ತಿತ್ತು, ಇಲ್ಲದಿದ್ದರೆ ಘೋಷಣೆಗೇ ಬೆಲೆ ಕುಸಿದು ನಿಧಿಗೇ ನಷ್ಟ. ಈ ವ್ಯವಸ್ಥೆಗೂ ರಾಜಕೀಯದ ಬಿಸಿ ತಟ್ಟಿದೆ: 2025ರ ನವೆಂಬರ್‌ನಲ್ಲಿ ಅಲ್ಲಿನ ಸಂಸತ್ತು ನಿಯಮಗಳ ಮರುಪರಿಶೀಲನೆ ಮುಗಿಯುವವರೆಗೆ ಹೊಸ ನೈತಿಕ ಹೊರಗಿಡುವಿಕೆಯನ್ನು ತಡೆಹಿಡಿಯಿತು. ಆದರೂ ಕಾರಣವನ್ನು ಬರೆದು ಊರೆದುರು ಇಡುವ ಆ ಪದ್ಧತಿ ನಮ್ಮ ದೊಡ್ಡ ನಿಧಿಗಳಿಗೂ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಷ್ಟಾಗಿ ಷೇರು ಮಾರಿದರೆ ಕಂಪನಿಗೆ ಏನಾಗುತ್ತದೆ? ಹೆಚ್ಚಿನ ಸಲ ನೇರವಾಗಿ ಏನೂ ಆಗುವುದಿಲ್ಲ. ನೀವು ಮಾರಿದ್ದನ್ನು ಇನ್ನೊಬ್ಬರು ಕೊಳ್ಳುತ್ತಾರೆ, ಕಂಪನಿಯ ಖಜಾನೆಯಿಂದ ಒಂದು ರೂಪಾಯಿಯೂ ಹೊರಹೋಗುವುದಿಲ್ಲ. ಹೊಸ ಬಾಂಡ್, ಹೊಸ ಸಾಲ ನಿರಾಕರಿಸಿದರೆ ಮಾತು ಬೇರೆ. ಷೇರುದಾರರ ನಿಜವಾದ ಹತ್ಯಾರು ಮತ. 2021ರ ಮೇನಲ್ಲಿ ಎಂಜಿನ್ ನಂಬರ್ 1 ಎಂಬ ಪುಟ್ಟ ಹೂಡಿಕೆ ಸಂಸ್ಥೆ ಅಮೆರಿಕದ ತೈಲ ಕಂಪನಿ ಎಕ್ಸಾನ್‌ಮೊಬಿಲ್‌ನಲ್ಲಿ ಶೇ 0.02 ಷೇರು ಇಟ್ಟುಕೊಂಡು 12 ನಿರ್ದೇಶಕ ಸ್ಥಾನಗಳಲ್ಲಿ ಮೂರನ್ನು ತನ್ನ ಅಭ್ಯರ್ಥಿಗಳಿಗೆ ಗೆದ್ದುಕೊಟ್ಟಿತು. ಅದು ಸಾಧ್ಯವಾದದ್ದು ಬ್ಲ್ಯಾಕ್‌ರಾಕ್, ವ್ಯಾನ್‌ಗಾರ್ಡ್‌ನಂಥ ದೊಡ್ಡ ಷೇರುದಾರರು ಅದರ ಕಡೆ ಮತ ಹಾಕಿದ್ದರಿಂದ.

ಯುರೋಪ್ ಹಿಡಿದದ್ದು ಹೆಸರಿನ ದಾರಿ. 2021ರ ಮಾರ್ಚ್‌ನಲ್ಲಿ ಬಂದ ಎಸ್‌ಎಫ್‌ಡಿಆರ್ (ಸುಸ್ಥಿರ ಹೂಡಿಕೆಯ ಮಾಹಿತಿ ಬಹಿರಂಗ) ನಿಯಮದ ಆರ್ಟಿಕಲ್ 8, ಆರ್ಟಿಕಲ್ 9 ಇದ್ದದ್ದು ಮಾಹಿತಿ ಎಷ್ಟು ಕೊಡಬೇಕು ಎಂದು ಹೇಳಲು. ಮಾರಾಟಗಾರರು ಅವನ್ನೇ ಗುಣಮಟ್ಟದ ಮುದ್ರೆ ಮಾಡಿಕೊಂಡರು, ನಿಯಮ ಬಿಗಿಯಾದಾಗ 2022ರ ಕೊನೆಗೆ ಎಷ್ಟೋ ಫಂಡ್‌ಗಳು 9ರಿಂದ 8ಕ್ಕೆ ಇಳಿದವು. ಈಗ ಅಲ್ಲಿ ಫಂಡಿನ ಹೆಸರಿನಲ್ಲಿ ಇಎಸ್‌ಜಿ (ಪರಿಸರ, ಸಮಾಜ, ಆಡಳಿತ) ಅಥವಾ ಸುಸ್ಥಿರತೆಯ ಪದ ಇದ್ದರೆ ಹೂಡಿಕೆಯ ಶೇ 80 ಆ ಗುರಿಗೆ ತಕ್ಕಂತಿರಬೇಕು. ಪರಿಸರದ ಪದ ಬಳಸಿದರೆ ಕಲ್ಲಿದ್ದಲಿನಿಂದ ಶೇ 1, ತೈಲದಿಂದ ಶೇ 10, ಅನಿಲದಿಂದ ಶೇ 50 ಆದಾಯ ಮುಟ್ಟಿದ ಕಂಪನಿಗಳನ್ನು ಬಿಡಬೇಕು. ಹಳೆಯ ಫಂಡ್‌ಗಳಿಗೆ 2025ರ ಮೇ 21 ಗಡುವಾಗಿತ್ತು.

ನಮ್ಮಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ 2023ರ ಜುಲೈನಲ್ಲಿ ಇಎಸ್‌ಜಿ ಫಂಡ್‌ಗಳಿಗೆ ಆರು ವಿಧಾನಗಳನ್ನು ಗೊತ್ತುಮಾಡಿತು: ಹೊರಗಿಡುವುದು, ಇಎಸ್‌ಜಿ ಅಂಶಗಳನ್ನು ವಿಶ್ಲೇಷಣೆಯಲ್ಲಿ ಬೆರೆಸುವುದು, ತಮ್ಮ ವಲಯದಲ್ಲಿ ಉತ್ತಮರನ್ನು ಆರಿಸುವುದು, ಪರಿಣಾಮದ ಹೂಡಿಕೆ, ಸುಸ್ಥಿರ ಉದ್ದೇಶ, ಪರಿವರ್ತನೆ. ಯಾವ ವಿಧಾನ ಎಂದು ಫಂಡ್ ಹೇಳಲೇಬೇಕು, ಹಣದ ಕನಿಷ್ಠ ಶೇ 80 ಅದರಂತೆ ಹೂಡಬೇಕು. ಇಲ್ಲೇ ಜನ ಎಡವುವುದು. ‘ಬೆರೆಸುವುದು’ ವಿಧಾನದ ಫಂಡ್ ಯಾವ ಉದ್ಯಮವನ್ನೂ ಹೊರಗಿಡಬೇಕಾಗಿಲ್ಲ. ಸಿಗರೇಟು ಬೇಡ ಎಂದು ಇಎಸ್‌ಜಿ ಫಂಡ್ ಕೊಂಡವರು ಸ್ಕೀಮ್ ದಾಖಲೆಯಲ್ಲಿ ವಿಧಾನದ ಹೆಸರು ಓದಿ, ಆಮೇಲೆ ತಿಂಗಳ ಪೋರ್ಟ್‌ಫೋಲಿಯೊ ಪಟ್ಟಿಯನ್ನು ಮೇಲಿನ ಹತ್ತು ಹೆಸರಿಗೆ ನಿಲ್ಲದೆ ಕೊನೆಯ ಸಾಲಿನವರೆಗೂ ನೋಡಬೇಕು.

ಕಂಪನಿಯನ್ನೇ ನೇರವಾಗಿ ತೂಗುವವರಿಗೆ ಭಾರತದಲ್ಲಿ ಒಂದು ಒಳ್ಳೆಯ ಸಾಧನವಿದೆ, ಓದುವವರು ಮಾತ್ರ ಕಡಿಮೆ. ಅದು ಬಿಆರ್‌ಎಸ್‌ಆರ್, ಅಂದರೆ ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳು 2022-23ರಿಂದ ವಾರ್ಷಿಕ ವರದಿಯ ಜೊತೆ ಇದನ್ನು ಕೊಡಲೇಬೇಕು. ಒಂಬತ್ತು ತತ್ವಗಳು, ಉದ್ದದ ಕೋಷ್ಟಕಗಳು. ಎಲ್ಲ ಓದಬೇಕಿಲ್ಲ. ಮೊದಲು ‘ಎ’ ವಿಭಾಗದಲ್ಲಿ ವರದಿಯ ವ್ಯಾಪ್ತಿ ನೋಡಿ: ಕಂಪನಿಯೊಂದರದ್ದೋ, ಅಂಗಸಂಸ್ಥೆಗಳನ್ನೂ ಸೇರಿಸಿದ್ದೋ? ಒಂದರದ್ದೇ ಆಗಿದ್ದರೆ ಹೊಗೆ ಉಗುಳುವ ಕಾರ್ಖಾನೆ ಅಂಗಸಂಸ್ಥೆಯ ಹೆಸರಲ್ಲಿದ್ದು ಲೆಕ್ಕದಿಂದಲೇ ಮಾಯವಾಗಬಹುದು.

ಆಮೇಲೆ ಆರನೆಯ ತತ್ವ, ಪರಿಸರ. ಇಲ್ಲಿ ‘ತೀವ್ರತೆ’ ಎಂಬ ಸಂಖ್ಯೆ ದಾರಿ ತಪ್ಪಿಸುತ್ತದೆ. ಕಳೆದ ವರ್ಷ 1,000 ಕೋಟಿ ರೂಪಾಯಿ ವಹಿವಾಟಿಗೆ 50,000 ಟನ್ ಕಾರ್ಬನ್ ಅನ್ನಿ. ಕೋಟಿಗೆ 50 ಟನ್. ಈ ವರ್ಷ ವಹಿವಾಟು 1,200 ಕೋಟಿ, ಕಾರ್ಬನ್ 54,000 ಟನ್; ಕೋಟಿಗೆ 45. ‘ಶೇ 10 ಇಳಿಸಿದ್ದೇವೆ’ ಎಂದು ಮುಖಪುಟದಲ್ಲಿ ಬರುತ್ತದೆ, ಗಾಳಿಗೆ ಹೋದದ್ದು ಶೇ 8 ಹೆಚ್ಚು. ಸರಕಿನ ಬೆಲೆ ಏರಿದರೂ ಸಾಕು, ಏನೂ ಮಾಡದೆ ತೀವ್ರತೆ ಇಳಿಯುತ್ತದೆ. ಒಟ್ಟು ಟನ್ ಮತ್ತು ಉತ್ಪಾದನೆಯ ಪ್ರತಿ ಟನ್ನಿಗೆ ಎಷ್ಟು ಎಂಬ ಎರಡನ್ನೂ ನೋಡಿ. ಹೋದ ವರ್ಷದ ಅಂಕಿ ಹೋದ ವರ್ಷದ ವರದಿಯಲ್ಲಿ ಇದ್ದದ್ದೇ ಇದೆಯೇ, ಬದಲಾಗಿದ್ದರೆ ಕಾರಣ ಕೊಟ್ಟಿದ್ದಾರೆಯೇ ಎಂದೂ ತಾಳೆ ಹಾಕಿ.

ಮೂರನೆಯ ತತ್ವದಲ್ಲಿ ಸುರಕ್ಷತೆ ಇದೆ: ಪ್ರತಿ 10 ಲಕ್ಷ ಕೆಲಸದ ಗಂಟೆಗೆ ಎಷ್ಟು ಗಾಯ ಕೆಲಸ ತಪ್ಪಿಸಿತು ಎಂಬ ದರ. 10,000 ಕಾರ್ಮಿಕರು ವರ್ಷಕ್ಕೆ 2,000 ಗಂಟೆಯಂತೆ ದುಡಿದರೆ 2 ಕೋಟಿ ಗಂಟೆ. ಆ ದರ ಸೊನ್ನೆ ಎಂದರೆ 2 ಕೋಟಿ ಗಂಟೆಯಲ್ಲಿ ಒಬ್ಬರಿಗೂ ಒಂದು ದಿನ ರಜೆ ಹಾಕುವಷ್ಟು ಪೆಟ್ಟಾಗಿಲ್ಲ ಎಂದರ್ಥ. ಕಬ್ಬಿಣ, ಸಿಮೆಂಟ್, ರಾಸಾಯನಿಕದ ಕಾರ್ಖಾನೆಯಲ್ಲಿ ಇಂಥ ಸೊನ್ನೆ ಕಂಡರೆ ಗುತ್ತಿಗೆ ಕಾರ್ಮಿಕರನ್ನು ಎಣಿಸಿದ್ದಾರೆಯೇ ಎಂದು ಕೇಳಬೇಕು. ಐದನೆಯ ತತ್ವದ ಲೈಂಗಿಕ ಕಿರುಕುಳ ದೂರುಗಳಿಗೂ ಇದೇ ಮಾತು. ಸಾವಿರಾರು ಹೆಣ್ಣುಮಕ್ಕಳು ದುಡಿಯುವ ಗಾರ್ಮೆಂಟ್ ಕಂಪನಿಯಲ್ಲಿ ವರ್ಷ ವರ್ಷವೂ ಸೊನ್ನೆ ದೂರು ಎಂದರೆ ಕಿರುಕುಳವಿಲ್ಲ ಎಂದೇ ಆಗಬೇಕಿಲ್ಲ. ದೂರು ಕೊಡಲು ಧೈರ್ಯವಿಲ್ಲ ಎಂದೂ ಆಗಬಹುದು.

ನಾನು ಎಲ್ಲಕ್ಕಿಂತ ಮೊದಲು ಹುಡುಕುವ ಅಂಕಿ ಮಾತ್ರ ಬೇರೆ: ಸರಬರಾಜುದಾರರಿಗೆ ಎಷ್ಟು ದಿನಕ್ಕೆ ದುಡ್ಡು ಕೊಡುತ್ತಾರೆ. ಕೊಡಬೇಕಾದ ಬಾಕಿಯನ್ನು 365ರಿಂದ ಗುಣಿಸಿ, ವರ್ಷದ ಖರೀದಿಯಿಂದ ಭಾಗಿಸಿದರೆ ಸಿಗುತ್ತದೆ. ಬಾಕಿ 150 ಕೋಟಿ, ಖರೀದಿ 600 ಕೋಟಿ ಆದರೆ 91 ದಿನ. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ ಎನ್ನುತ್ತದೆ ಕಾನೂನು. ಸರಾಸರಿ 91 ಎಂದಾಕ್ಷಣ ಕಾನೂನು ಮುರಿದಂತಲ್ಲ, ಅದರಲ್ಲಿ ದೊಡ್ಡ ಸರಬರಾಜುದಾರರೂ ಇದ್ದಾರೆ. ಆದ್ದರಿಂದ ಬ್ಯಾಲೆನ್ಸ್ ಶೀಟಿನ ಟಿಪ್ಪಣಿಗೆ ಹೋಗಿ. ಸಣ್ಣ ಉದ್ಯಮಗಳ ಬಾಕಿಯನ್ನು ಎಷ್ಟು ಹಳೆಯದು ಎಂಬ ವಿಂಗಡಣೆಯೊಂದಿಗೆ ಬೇರೆಯಾಗಿ ತೋರಿಸಲೇಬೇಕು. ಪೀಣ್ಯದಲ್ಲಿ ನಾಲ್ಕು ಲೇತ್ ಇಟ್ಟುಕೊಂಡ ಮಾಲೀಕರಿಗೆ ಬಿಲ್ ಮೂರು ತಿಂಗಳು ತಡವಾದರೆ ಸಂಬಳಕ್ಕೆ ಕೈಸಾಲ ಮಾಡಬೇಕು. ಗಿಡ ನೆಟ್ಟ ಫೋಟೊಕ್ಕಿಂತ ಆ ಒಂದು ಸಾಲು ಕಂಪನಿಯ ಹೊಣೆಗಾರಿಕೆಯನ್ನು ಚೆನ್ನಾಗಿ ಹೇಳುತ್ತದೆ.

ಇಷ್ಟೆಲ್ಲ ಯಾಕೆ, ರೇಟಿಂಗ್ ನೋಡಿದರೆ ಆಗದೇ ಎನ್ನಬಹುದು. ಆರು ರೇಟಿಂಗ್ ಸಂಸ್ಥೆಗಳ ಇಎಸ್‌ಜಿ ಅಂಕಗಳನ್ನು ಹೋಲಿಸಿ ಬರ್ಗ್, ಕೋಲ್ಬೆಲ್, ರಿಗೊಬೋನ್ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವುಗಳ ನಡುವಿನ ಸಹಸಂಬಂಧ ಸರಾಸರಿ 0.54 ಮಾತ್ರ (ಪೂರ್ತಿ ತಾಳೆಯಾದರೆ 1). ವ್ಯತ್ಯಾಸದ ಶೇ 56 ಬಂದದ್ದು ಒಂದೇ ಸಂಗತಿಯನ್ನು ಬೇರೆ ಬೇರೆ ರೀತಿ ಅಳೆದದ್ದರಿಂದ. ಕಾರ್ಮಿಕ ಕಲ್ಯಾಣವನ್ನು ಒಬ್ಬರು ನೀತಿಪತ್ರ ಇದೆಯೇ ಎಂದು ಅಳೆಯಬಹುದು, ಇನ್ನೊಬ್ಬರು ಎಷ್ಟು ಕೇಸ್ ಬಿದ್ದಿವೆ ಎಂದು. ರೇಟಿಂಗ್ ಸಿಕ್ಕರೆ ಅಕ್ಷರ ಬಿಟ್ಟು ಅದರ ಕೆಳಗಿನ ವಿವರಣೆ ಓದಿ.

ಕೊನೆಗೆ ಮತಕ್ಕೆ ಬರೋಣ. 2022ರ ಏಪ್ರಿಲ್‌ನಿಂದ ನಮ್ಮ ಮ್ಯೂಚುವಲ್ ಫಂಡ್‌ಗಳು ತಮ್ಮ ಕಂಪನಿಗಳ ಎಲ್ಲ ನಿರ್ಣಯಗಳಿಗೂ ಮತ ಹಾಕಬೇಕು, ಕಾರಣ ಬರೆಯಬೇಕು, ಮೂರು ತಿಂಗಳಿಗೊಮ್ಮೆ ವೆಬ್‌ಸೈಟಿನಲ್ಲಿ ಹಾಕಬೇಕು. ಫಂಡ್ ಹೌಸ್‌ನ ಕಡ್ಡಾಯ ಪ್ರಕಟಣೆಗಳ ಪುಟದಲ್ಲಿ ಅದರ ಎಕ್ಸೆಲ್ ಸಿಗುತ್ತದೆ. ‘ವಿರುದ್ಧ’ ಎಂಬುದನ್ನು ಫಿಲ್ಟರ್ ಮಾಡಿ. ಪ್ರವರ್ತಕರ ಸಂಬಳ ಏರಿಕೆ, ಸಭೆಗೆ ಬಾರದ ಸ್ವತಂತ್ರ ನಿರ್ದೇಶಕರ ಮರುನೇಮಕ, ಪ್ರವರ್ತಕರ ಖಾಸಗಿ ಕಂಪನಿಯೊಂದಿಗೆ ವ್ಯವಹಾರ, ಇವುಗಳಿಗೆ ಏನು ಮಾಡಿದ್ದಾರೆ ನೋಡಿ. ಸಾವಿರಾರು ಸಾಲುಗಳಲ್ಲಿ ‘ವಿರುದ್ಧ’ ಒಂದೂ ಇಲ್ಲದಿದ್ದರೆ, ಕಾರಣದ ಕಾಲಂನಲ್ಲಿ ಒಂದೇ ವಾಕ್ಯ ಅಂಟಿಸಿದ್ದರೆ, ಆ ಫಂಡ್ ಹೌಸ್ ನಿಮ್ಮ ಪರವಾಗಿ ಬಾಯಿ ತೆರೆಯುತ್ತಿಲ್ಲ.

ನಿಮ್ಮ ಡಿಮ್ಯಾಟ್‌ನಲ್ಲಿ ಒಂದೇ ಷೇರಿದ್ದರೂ ಮತ ನಿಮ್ಮದೇ. ವಿಶೇಷ ನಿರ್ಣಯಕ್ಕೆ ಚಲಾಯಿಸಿದ ಮತಗಳ ಮುಕ್ಕಾಲು ಭಾಗ ಬೇಕು. ಪ್ರವರ್ತಕರು ಅಥವಾ ಅವರ ನಂಟಿನ ಕಂಪನಿಗಳೊಂದಿಗಿನ ದೊಡ್ಡ ವ್ಯವಹಾರಗಳಲ್ಲಿ ಸಂಬಂಧಪಟ್ಟವರು ‘ಪರ’ ಎಂದು ಮತ ಹಾಕುವಂತೆಯೇ ಇಲ್ಲ. ಇವೆರಡರಲ್ಲಿ ಸಣ್ಣವರ ಮತ ನಿಜವಾಗಿ ಎಣಿಕೆಗೆ ಬರುತ್ತದೆ. ಸಭೆಯ ನೋಟಿಸ್ ಇಮೇಲ್‌ಗೆ ಬರುತ್ತದೆ, ಸಾಮಾನ್ಯವಾಗಿ ಜಾಹೀರಾತಿನ ಫೋಲ್ಡರ್‌ಗೆ ಜಾರಿರುತ್ತದೆ. ಡಿಮ್ಯಾಟ್ ಷೇರುಗಳ ಲೆಕ್ಕ ಇಡುವ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನಲ್ಲಿ ಲಾಗಿನ್ ಆಗಿ ಇ-ವೋಟಿಂಗ್ ಒತ್ತಿ, ಕಂಪನಿ ಆರಿಸಿ, ಪ್ರತಿ ನಿರ್ಣಯಕ್ಕೂ ಬೇರೆ ಬೇರೆಯಾಗಿ ಗುರುತು ಹಾಕಿ ದೃಢಪಡಿಸಿ. ಒಮ್ಮೆ ಹಾಕಿದ್ದನ್ನು ಬದಲಿಸಲಾಗದು. ಮತದಾನದ ಕಿಟಕಿ ಕನಿಷ್ಠ ಮೂರು ದಿನ ತೆರೆದಿರುತ್ತದೆ, ಸಭೆಯ ಹಿಂದಿನ ದಿನ ಸಂಜೆ 5 ಗಂಟೆಗೆ ಮುಚ್ಚುತ್ತದೆ. ಮತ ಲೆಕ್ಕಕ್ಕೆ ಬರಬೇಕಾದರೆ ನೋಟಿಸಿನಲ್ಲಿ ಹೇಳಿದ ಕಟ್-ಆಫ್ ದಿನಾಂಕದಂದು ಷೇರು ನಿಮ್ಮ ಹೆಸರಲ್ಲಿರಬೇಕು.